ಹರಳೆಣ್ಣೆಯ ಗಿಂಡಿ

ನನ್ನ ಸೊಸೆ ರಮ್ಯ ತರಿಸಿದ ಹರಳೆಣ್ಣೆಯ ಸೀಸೆಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ವಾಸನೆಯೇ ಇಲ್ಲ. ನನ್ನ ಮೂಗೇ ಸತ್ತಿರಬೇಕು ಅಂದುಕೊಂಡು ಒಂದು ತೊಟ್ಟು ಅಂಗೈಗೆ ಹಾಕಿ ಉಜ್ಜಿ ನೋಡಿದೆ. ನೀರಿನಷ್ಟು ತಿಳಿ, ಅಂಟು ಮಾತ್ರ ಎಣ್ಣೆಯದು. "ಶುದ್ಧವಾದ್ದು ಅತ್ತೆ, ಏನೂ ಬೆರೆಸಿಲ್ಲ ಅಂತ ಬರೆದಿದ್ದಾರೆ," ಎಂದಳು ರಮ್ಯ, ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಅವಳು ಬಸುರಿಯಾದಾಗಿನಿಂದ ಹುಣಸೂರಿನ ನಮ್ಮ ಮನೆಯಿಂದ ಒಂದೊಂದೇ ವಸ್ತು ಗಂಟುಮೂಟೆ ಕಟ್ಟಿದೆ. ನೆಲ ಒರೆಸುವ ಬಣ್ಣದ ನೀರು ಹೋಯಿತು, ಘಮಘಮ ಎನ್ನುವ ಸೋಪಿನ ಪುಡಿ ಹೋಯಿತು, ಪ್ಯಾಕೆಟ್ಟಿನ ಮಸಾಲೆ, ಡಬ್ಬಿಯ ಜಾಮು ಎಲ್ಲ ಹೋದವು. ನನ್ನ ಮಗ ತನ್ನ ಚಿಪ್ಸ್ ಪೊಟ್ಟಣವನ್ನು ಸ್ಕೂಟರಿನ ಡಿಕ್ಕಿಯಲ್ಲಿ ಬಚ್ಚಿಟ್ಟುಕೊಳ್ಳುವ ಗತಿಗೆ ಬಂದಿದ್ದಾನೆ. ಹುಟ್ಟುವ ಮಗುವಿನ ಮೈಗೆ ಹಚ್ಚುವ ಎಣ್ಣೆಯ ಸರದಿ ಈಗ ಬಂದಿತ್ತು. "ನಿಮ್ಮ ತವರಲ್ಲಿ ಇದನ್ನ ಮನೇಲೇ ಕಾಯಿಸ್ತಿದ್ರಂತಲ್ಲ, ನಿಮಗೆ ಬರುತ್ತಾ?" ಎಂದು ಕೇಳಿದಳು. ನಾನು ಸೀಸೆಯ ಮುಚ್ಚಳ ತಿರುಗಿಸುತ್ತ ಕೂತೆ. ಬುದ್ಧಿ ಬಂದಾಗಿನಿಂದ ಮದುವೆಯಾಗುವವರೆಗೆ ಪ್ರತಿ ವರ್ಷ ಆ ಎಣ್ಣೆ ಕಾಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಆದರೆ ಅದನ್ನು ಒಂದು ದಿನವೂ ನೋಡಿರಲಿಲ್ಲ.

ನಮ್ಮೂರು ರಾವಂದೂರಿನ ಕಡೆಯ ಸಣ್ಣ ಹಳ್ಳಿ. ಮನೆಯಲ್ಲಿ ಅಪ್ಪ, ಅವ್ವ, ನಾನು, ಮತ್ತೆ ಅಪ್ಪನ ಅಕ್ಕ ಸಣ್ಣತಾಯತ್ತೆ. ಅತ್ತೆಯನ್ನು ಗಾವಡಗೆರೆ ಕಡೆಗೆ ಕೊಟ್ಟಿದ್ದರಂತೆ. ಹೆತ್ತ ಒಂದೇ ಮಗು ಉಳಿಯಲಿಲ್ಲ, ಅದರ ಹಿಂದೆಯೇ ಗಂಡನೂ ತೀರಿಕೊಂಡ. ತವರಿಗೆ ಬಂದವರು ಮತ್ತೆ ಆ ಕಡೆ ಮುಖ ಮಾಡಲಿಲ್ಲ. ಹಾಗೆ ಬಂದ ಹೆಣ್ಣಿಗೆ ಮಲಗಲು ಮೂಲೆ ಸಿಗುತ್ತದೆ, ಮನೆಯಲ್ಲಿ ಮಾತು ನಡೆಯುವುದು ಕಷ್ಟ. ನಮ್ಮತ್ತೆಯ ಮಾತು ನಡೆಯುತ್ತಿತ್ತು, ಯಾಕೆಂದರೆ ಮನೆ ನಡೆಯುತ್ತಿದ್ದುದೇ ಅವರ ಕೈಯಿಂದ. ಪಾತ್ರೆಗೆ ಜರಡಿ ಹಿಡಿದ ಬೂದಿ ಇಡುವವರು ಅವರು, ದೀಪದ ಕಂಬಗಳಿಗೆ ಹುಣಸೆಹಣ್ಣು ಹಚ್ಚಿ ಹೊಳೆಯಿಸುವವರು ಅವರು, ರಾಗಿ ತುಂಬಿಡುವ ಮಣ್ಣಿನ ವಾಡೆಗೆ ಬೇವಿನ ಸೊಪ್ಪು ಹರಡುವವರು ಅವರು. ಸಂಜೆ ಹಸಿವೆಂದು ಕುಣಿದರೆ ಅವರು ಕೊಡುತ್ತಿದ್ದುದು ಬೆಲ್ಲ ಕಲಸಿದ ಹುರಿಹಿಟ್ಟಿನ ಉಂಡೆ. ಅದು ಅಂಗೈಗೆ ಅಂಟುತ್ತಿತ್ತು, ನೆಕ್ಕಿಕೊಂಡೇ ಆಡಲು ಓಡುತ್ತಿದ್ದೆ. ಇದನ್ನೆಲ್ಲ ನಾವು ಪ್ರಕೃತಿ ಎಂದು ಕರೆಯುತ್ತಿರಲಿಲ್ಲ. ಅಂಗಡಿ ದೂರವಿತ್ತು, ಅಷ್ಟೆ. ತಲೆ ತೊಳೆಯಲು ಹಾಕಿದ ಚಿಗರೆ ಸೊಪ್ಪಿನ ಪುಡಿ ಕಣ್ಣಿಗೆ ಇಳಿದ ದಿನ ನಾನು ಕೇರಿಗೆಲ್ಲ ಕೇಳುವ ಹಾಗೆ ಅರಚಿಕೊಂಡು, "ನಂಗೆ ಸೋಪೇ ಬೇಕು" ಎಂದು ಹೊರಳಾಡಿದ್ದೂ ಉಂಟು. ಅತ್ತೆ ಇನ್ನೊಂದು ಚೊಂಬು ಬಿಸಿನೀರು ಸುರಿದು, "ಅಳು, ಕಣ್ಣೂ ತೊಳ್ಕತದೆ," ಅಂದಿದ್ದರು.

ಆದರೆ ಅತ್ತೆಯ ಹೆಸರು ಊರಿನಲ್ಲಿ ನಿಂತಿದ್ದು ಹರಳೆಣ್ಣೆಯ ಮೇಲೆ. ನಮ್ಮ ಹೊಲದ ಬದುಗಳ ಉದ್ದಕ್ಕೂ ಹರಳಿನ ಗಿಡಗಳಿದ್ದವು. ಬೇಸಿಗೆಯಲ್ಲಿ ಗೊನೆ ಕೊಯ್ದು ಅಂಗಳದಲ್ಲಿ ಹರಡಿದರೆ ಬಿಸಿಲಿಗೆ ಕಾಯಿ ಟಪ್ ಟಪ್ ಎಂದು ಸಿಡಿದು, ಚುಕ್ಕೆಚುಕ್ಕೆಯ ಹರಳು ಜಗಲಿಯವರೆಗೆ ಹಾರುತ್ತಿತ್ತು. ಎಣ್ಣೆ ಕಾಯಿಸುವ ದಿನ ಅತ್ತೆ ಬೆಳಗಿನಿಂದ ಉಪವಾಸ. ಹರಳನ್ನು ಓಡಿನ ಮೇಲೆ ಹದವಾಗಿ ಹುರಿಯುವಾಗ ಒಂದು ವಾಸನೆ ಏಳುತ್ತಿತ್ತು: ಸುಟ್ಟ ಕಡಲೆಕಾಯಿಯ ಹಾಗೆ ಶುರುವಾಗಿ, ಆಮೇಲೆ ಗಂಟಲಿಗೆ ಇಳಿದು ಕೂರುವ, ಸ್ವಲ್ಪ ಕಮಟು, ಸ್ವಲ್ಪ ಸಿಹಿ. ಈ ಸೀಸೆಯಲ್ಲಿ ಹುಡುಕಿದ್ದು ಆ ವಾಸನೆಯನ್ನೇ. ಹುರಿದ ಹರಳನ್ನು ಅವ್ವ ಒರಳಿಗೆ ಹಾಕಿ ಕುಟ್ಟಿ ನುಣ್ಣಗೆ ಮಾಡಿ ಕೊಡುತ್ತಿದ್ದಳು. ಅಲ್ಲಿಗೆ ಅವ್ವನ ಕೆಲಸ ಮುಗಿಯಿತು. ಹಿತ್ತಲಿನ ಒಲೆಯ ಮೇಲೆ ದೊಡ್ಡ ಗಡಿಗೆಯಲ್ಲಿ ನೀರು ಕಾದಿರುತ್ತಿತ್ತು. ಆ ಒಲೆಗೆ ಹೊಗೆಸೊಪ್ಪಿನ ಕಡ್ಡಿ ಇಡುವಂತಿರಲಿಲ್ಲ, ಹುಣಸೆ ಸೌದೆಯೇ ಆಗಬೇಕು. ಕುಟ್ಟಿದ ಹಿಟ್ಟು ನೀರಿಗೆ ಬಿದ್ದ ಮೇಲೆ ಒಲೆಯ ಮುಂದೆ ಅತ್ತೆ ಒಬ್ಬರೇ. ಎಣ್ಣೆ ಮೇಲೇಳುವ ಹೊತ್ತಿಗೆ ಯಾರ ಕಣ್ಣೂ ಬೀಳಬಾರದು, ಬಿದ್ದರೆ ಎಣ್ಣೆ ಮತ್ತೆ ನೀರೊಳಕ್ಕೇ ಇಳಿಯುತ್ತದೆ ಎಂಬುದು ನಂಬಿಕೆ. ಎಣ್ಣೆ ಎಂಬ ಮಾತನ್ನೂ ಆಡಕೂಡದು. ಆದ್ದರಿಂದ ಹಿತ್ತಲ ಬಾಗಿಲಿಗೆ ಒಬ್ಬರು ಕಾವಲು ಬೇಕು, ಆ ಕಾವಲು ನನ್ನದು.

ನಾನು ಒಲೆಗೆ ಬೆನ್ನು ಮಾಡಿ, ಬಾಗಿಲ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಬೆನ್ನಿಗೆ ಬೆಂಕಿಯ ಝಳ, ಮುಖಕ್ಕೆ ಓಣಿಯ ಗಾಳಿ. ಯಾರಾದರೂ ಬೆಂಕಿ ಕೇಳಲೋ ಮಜ್ಜಿಗೆ ಕೇಳಲೋ ಬಂದರೆ "ಅತ್ತೆ ಇಲ್ಲ" ಎಂದು ಹಸಿ ಸುಳ್ಳು ಹೇಳಿ ಕಳಿಸುವುದು. ಬಂದವರು ಮೂಗು ಅರಳಿಸಿ, ನಕ್ಕು, ಹೊರಟುಹೋಗುತ್ತಿದ್ದರು. ಮೊದಲು ಗಡಿಗೆ ಗುಳುಗುಳು ಎಂದು ಗಲಾಟೆ ಮಾಡುತ್ತಿತ್ತು. ಬರಬರುತ್ತ ಸದ್ದು ಮಂದವಾಗಿ, ಬುಳಕ್, ಬುಳಕ್ ಎಂದು ನಿಧಾನವಾಗುತ್ತಿತ್ತು. ಕೊನೆಗೆ ಯಾರೋ ಮೇಲೆ ಕಂಬಳಿ ಹೊದಿಸಿದ ಹಾಗೆ ಸದ್ದು ಒಳಗೊಳಗೇ ಉಳಿಯುತ್ತಿತ್ತು. ಆಗ ನಾನು ತಿರುಗದೆ ಕೇಳುತ್ತಿದ್ದೆ: "ಬಂತಾ ಅತ್ತೆ?" ಅತ್ತೆಯ ದನಿ ಆ ಹೊತ್ತಿಗೆ ಮಾತ್ರ ಎಳೆ ಹುಡುಗಿಯ ದನಿಯಾಗುತ್ತಿತ್ತು. "ಬಂತು ಕಣ ಮಗಾ, ಬಂತು."

ಒಮ್ಮೆ ತಡೆಯಲಾರದೆ, ನನಗೂ ತೋರಿಸಿ ಎಂದು ಹಟ ಹಿಡಿದೆ. "ಬಾಣಂತನ ಆದೋಳು ಮಾತ್ರ ನೋಡ್ಬೋದು ಕಣವ್ವ," ಅಂದರು ಅತ್ತೆ. "ನಿನ್ನ ಬಾಣಂತನಕ್ಕೆ ಕಾಯ್ಸೋವಾಗ ನಿನ್ನ ಪಕ್ಕದಲ್ಲೇ ಕೂರಿಸ್ಕೊಂಡು ತೋರಿಸ್ತೀನಿ. ಮಾತು ಅಂದ್ರೆ ಮಾತು. ಈಗ ಬಾಗ್ಲು ಕಾಯಿ." ಬಾಯಲ್ಲಾದರೂ ಹೇಳಿ ಎಂದರೆ, "ಹೇಳಿದ್ರೆ ಬರೋದಲ್ಲ, ಕಂಡ್ರೆ ಬರೋದು," ಎಂದು ಮಾತು ಮುಗಿಸಿದರು. ಹಾಗಾದರೆ ನನ್ನನ್ನು ಹೆತ್ತ ಅವ್ವ ಯಾಕೆ ಕಲಿಯಲಿಲ್ಲ ಎಂಬುದು ನನ್ನ ಮುಂದಿನ ಪ್ರಶ್ನೆ. ಅವ್ವ ಒನಕೆ ಒರೆಸಿ ಮೂಲೆಗೆ ನಿಲ್ಲಿಸುತ್ತ ಮೆಲ್ಲಗೆ ಹೇಳಿದಳು: "ಅದೊಂದು ಅತ್ಗೆಮ್ಮಂಗೇ ಇರ್ಲಿ ಬುಡು. ನಾನೂ ಕಲ್ತ್‌ಬುಟ್ರೆ ಅವ್ರಿಗೇನು ಉಳೀತದೆ?" ಅವ್ವ ಜಗಳಗಂಟಿ ಎಂದು ಊರವರು ಅನ್ನುತ್ತಿದ್ದರು. ಅವಳ ಈ ಮಾತು ಊರವರಿಗೆ ಗೊತ್ತಿರಲಿಲ್ಲ.

ಆ ಎಣ್ಣೆಯನ್ನು ಅತ್ತೆ ಯಾವತ್ತೂ ಮಾರಲಿಲ್ಲ. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮಾರನೆಯ ಬೆಳಿಗ್ಗೆ ಆ ಮನೆಯವರು ನಮ್ಮ ಜಗಲಿಗೆ ಬರುತ್ತಿದ್ದರು. ಅತ್ತೆ ತಮ್ಮ ಹಿತ್ತಾಳೆ ಗಿಂಡಿಯಲ್ಲಿ ಎಣ್ಣೆ ತುಂಬಿ, ಸೆರಗಿನಲ್ಲಿ ಮುಚ್ಚಿಕೊಂಡು, ತಾವೇ ಹೋಗಿ ಮಗುವಿಗೆ ಮೊದಲ ಎಣ್ಣೆನೀರು ಹಾಕಿ ಬರುತ್ತಿದ್ದರು. ತಮ್ಮ ಮಗುವನ್ನು ಉಳಿಸಿಕೊಳ್ಳಲಾಗದ ಹೆಂಗಸು ಊರ ಮಕ್ಕಳನ್ನೆಲ್ಲ ಕಾಲ ಮೇಲೆ ಹಾಕಿಕೊಂಡು ನೀವುತ್ತಿದ್ದರು. ಗಿಂಡಿ ಆ ಮನೆಯಲ್ಲೇ ಉಳಿದು, ಬಾಣಂತನ ಮುಗಿದ ಮೇಲೆ ವಾಪಸ್ಸು ಬರುತ್ತಿತ್ತು. ಬರಿ ಗಿಂಡಿ ಕೊಡುವ ಪದ್ಧತಿಯಿಲ್ಲ. ಒಂದು ಅಚ್ಚು ಬೆಲ್ಲವೋ, ಅವರೆಬೇಳೆಯೋ, ಏನೂ ಇಲ್ಲದ ಮನೆಯಿಂದ ಒಂದು ಹಿಡಿ ರಾಗಿಯೋ, ಏನಾದರೂ ಇದ್ದೇ ಇರುತ್ತಿತ್ತು. ಅತ್ತೆ ಅದನ್ನು ತೆಗೆದು ಅವ್ವನ ಕೈಗೆ ಕೊಡುವ ಗತ್ತು ನೋಡಬೇಕಿತ್ತು.

ಆಮೇಲೆ ಕಾಲ ತಿರುಗಿತು, ಯಾರನ್ನೂ ಬೈಯುವ ಹಾಗಿಲ್ಲ. ಹೆರಿಗೆಗಳು ಆಸ್ಪತ್ರೆಗೆ ಹೋದವು. ಮಗುವಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ ಎಂದು ಸಿಸ್ಟರು ಗದರಿದರು, ಅದರಲ್ಲಿ ನಿಜವಿತ್ತು. ಚೆಂದದ ಡಬ್ಬಿಗಳಲ್ಲಿ ಪೌಡರು, ಗುಲಾಬಿ ಬಣ್ಣದ ಸೋಪು, ನೀರಿನಂಥ ಎಣ್ಣೆ ಬಂದವು. ಕುಟ್ಟಿ ಕುಟ್ಟಿ ರಟ್ಟೆ ಸೋತಿದ್ದ ಹೆಂಗಸರು ಅವನ್ನು ಕಂಡು ಉಸಿರುಬಿಟ್ಟರೆ ತಪ್ಪೇನು? ನಮ್ಮವ್ವನೂ ಬೂದಿಯ ಬದಲು ಸೋಪಿನ ಬಿಲ್ಲೆ ತಂದಿಟ್ಟಳು. ಹೊಗೆಸೊಪ್ಪಿಗೆ ಬೆಲೆ ಬಂದು ಅಪ್ಪ ಬದು ಸವರಿ ಸಾಲು ಹೆಚ್ಚಿಸಿದರು, ಹರಳಿನ ಗಿಡಗಳು ಹೋದವು. ಜಗಲಿಗೆ ಬಂದು ಎಣ್ಣೆ ಕೇಳುವವರು ಕಡಿಮೆಯಾಗಿ, ಒಂದು ವರ್ಷ ಯಾರೂ ಬರಲಿಲ್ಲ. ಅತ್ತೆ ಗಿಂಡಿಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳೆಯಿಸಿ ಗೂಡಿನಲ್ಲಿಟ್ಟರು. ಊಟಕ್ಕೆ ಕೂತಾಗ ಇನ್ನೊಂದು ಮುದ್ದೆ ಬೇಡ ಅನ್ನತೊಡಗಿದರು. ಅವರಿಗೆ ಹಸಿವು ಕಡಿಮೆಯಾಗಿದೆ ಎಂದು ಅಪ್ಪ ತಿಳಿದುಕೊಂಡರು. ತನ್ನ ಕೈಯ ಕೆಲಸ ಯಾರಿಗೂ ಬೇಡವಾಯಿತೆಂಬ ಸಂಕೋಚ ಅದು ಎಂದು ಅವ್ವನಿಗೆ ಗೊತ್ತಿತ್ತು.

ನಾನು ಚೊಚ್ಚಲು ಹೆರಿಗೆಗೆ ತವರಿಗೆ ಬಂದಾಗ ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ನನ್ನ ಹೆಜ್ಜೆಯ ಸದ್ದಿಗೇ ಎದ್ದು ಕೂತು, "ಮಾತು ಕೊಟ್ಟಿದ್ದೆ, ಜ್ಞಾಪಕ ಐತಾ?" ಅಂದರು. ಮಾರನೆಯ ದಿನ ಯಾರು ಬೇಡವೆಂದರೂ ಕೇಳದೆ, ಕೋಲು ಹಿಡಿದು ಹೊಲದ ಬದು ಹುಡುಕಲು ಹೋದರು. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ವಾಪಸ್ಸು ಬಂದು, ನನ್ನ ಎದುರು ಕೂತು ಸೆರಗಿನ ಗಂಟು ಬಿಚ್ಚಿದರು. ಒಳಗೆ ಒಂದು ಹಿಡಿ ಹರಳು. ಯಾರದೋ ಬೇಲಿಯಲ್ಲಿ ತಾನಾಗಿ ಹುಟ್ಟಿದ ಒಂದು ಗಿಡದ್ದು. "ಇಷ್ಟಕ್ಕೆ ಗಡಿಗೆ ಇಕ್ಕಾಕಾಯ್ತದಾ?" ಎಂದು ನಕ್ಕರು. ನಗುತ್ತಲೇ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. "ಮಾತು ಉಳಿಸ್ಕಳಾಕೆ ಆಗ್ನಿಲ್ಲ ಕಣ ಮಗಾ." ಊರಿಗೆಲ್ಲ ಎಣ್ಣೆ ಕೊಟ್ಟ ನನ್ನ ಅತ್ತೆ ಆವತ್ತು ಬಡವರಾಗಿ ಕೂತಿದ್ದರು. ನಾನು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಮಗ ಹುಟ್ಟಿದ ಮೇಲೆ ಅವರು ಗೂಡಿನ ಒಳಮೂಲೆಯಲ್ಲಿ ಉಳಿಸಿಟ್ಟಿದ್ದ ಹಳೆಯ ಎಣ್ಣೆ ತೆಗೆದು, ಕಣ್ಣು ಕಾಣದಿದ್ದರೂ ಬೆರಳಿನಲ್ಲೇ ಹುಡುಕಿ ಅವನ ನೆತ್ತಿಗೆ ಒತ್ತಿದರು. ನಾನು ಗಂಡನ ಮನೆಗೆ ಹೊರಟ ದಿನ ಮಿಕ್ಕ ಎಣ್ಣೆಯನ್ನು ಗಿಂಡಿಯಲ್ಲಿ ತುಂಬಿ ನನ್ನ ಕೈಗಿತ್ತರು. ಮುಂದಿನ ಹಬ್ಬಕ್ಕೆ ಅದರ ತುಂಬ ಬೆಲ್ಲ ತರುತ್ತೇನೆ ಎಂದೆ. ಹಬ್ಬ ಬರುವ ಮೊದಲೇ ಅತ್ತೆ ಹೋದರು. ಗಿಂಡಿ ನನ್ನಲ್ಲೇ ಉಳಿಯಿತು.

ಇದನ್ನೆಲ್ಲ ರಮ್ಯಳಿಗೆ ಹೇಳಿದೆ. ಅವಳು ಸೀಸೆಯನ್ನು ಪಕ್ಕಕ್ಕಿಟ್ಟು, "ಒಂದ್ಸಲ ಮಾಡಿ ನೋಡೋಣ ಅತ್ತೆ," ಎಂದಳು. ಮಗ ಕೆ.ಆರ್. ನಗರದ ಸಂತೆಯಿಂದ ಒಂದು ಚೀಲ ಹರಳು ತಂದ. ಹಿತ್ತಲಿನಲ್ಲಿ ಇಟ್ಟಿಗೆ ಜೋಡಿಸಿ ಒಲೆ ಮಾಡಿದೆವು. ಬಾಣಲೆಯಲ್ಲಿ ಹುರಿಯುತ್ತಿದ್ದಂತೆ ಆ ವಾಸನೆ ಎದ್ದಿತು. ನಾನು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ನಮ್ಮ ಜಗಲಿ, ಅವ್ವನ ಒನಕೆ, ಸಿಡಿಯುವ ಕಾಯಿ ಎಲ್ಲ ಒಂದೇ ಉಸಿರಿನಲ್ಲಿ ಬಂದು ಹೋದವು. ಒರಳಿಲ್ಲದ ತಪ್ಪಿಗೆ ಮಿಕ್ಸಿಯಲ್ಲಿ ಅರೆದು ನೀರಿಗೆ ಹಾಕಿದೆ. ರಮ್ಯ ತಾನಾಗಿಯೇ ಹೋಗಿ ಹಿತ್ತಲ ಬಾಗಿಲಿಗೆ ನಿಂತಳು, ಹೊರಗೆ ಮುಖ ಮಾಡಿ. "ನಾನು ಬಾಗಿಲು ಕಾಯ್ತೀನಿ, ನಂದಿನ್ನೂ ಬಾಣಂತನ ಆಗಿಲ್ಲವಲ್ಲ," ಎಂದು ನಕ್ಕಳು.

ನಾನು ಪಾತ್ರೆಯನ್ನೇ ನೋಡುತ್ತ ಕೂತೆ. ಕಂದು ನೊರೆ ಬಿಟ್ಟು ಬೇರೇನೂ ಕಾಣಲಿಲ್ಲ. ಉರಿ ಹೆಚ್ಚಿಸಿದೆ, ತಗ್ಗಿಸಿದೆ, ಕೈಯಾಡಿಸಿದೆ. ಕಂಡರೆ ಬರುವುದು ಅಂದಿದ್ದರು ಅತ್ತೆ. ಏನು ಕಾಣಬೇಕು ಎಂಬುದೇ ನನಗೆ ತಿಳಿಯದು. ಇದೂ ಹೋಯಿತು ಎನ್ನಿಸಿತು. ನೋಡಲಾಗದೆ ಎದ್ದು ಬೆನ್ನು ತಿರುಗಿಸಿ ನಿಂತೆ. ಬೆನ್ನಿಗೆ ಝಳ ತಾಗಿತು. ಕಿವಿಗೆ ಪಾತ್ರೆಯ ಸದ್ದು ಬಿತ್ತು. ಇನ್ನೂ ಗುಳುಗುಳು. ಆಗಿಲ್ಲ, ಇನ್ನೂ ಹೊತ್ತು ಬೇಕು ಎಂದು ನನ್ನ ಮೈಗೆ ಗೊತ್ತಾಯಿತು. ತಗ್ಗಿದ ಉರಿಯನ್ನು ಹಾಗೇ ಬಿಟ್ಟು ಕಾದೆ. ಸದ್ದು ಬುಳಕ್, ಬುಳಕ್ ಎಂದಿತು. ಮತ್ತೂ ಕಾದೆ. ಸದ್ದು ಕಂಬಳಿ ಹೊದ್ದುಕೊಂಡಿತು. ಅತ್ತೆ ನನಗೆ ತೋರಿಸಲಾಗಲಿಲ್ಲವೆಂದು ಅತ್ತಿದ್ದರು. ಅಷ್ಟು ವರ್ಷ ಬಾಗಿಲಲ್ಲಿ ನಿಲ್ಲಿಸಿ ನನ್ನ ಕಿವಿಗೆ ಎಲ್ಲವನ್ನೂ ಹೇಳಿಯೇ ಇದ್ದರೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

"ಬಂತಾ ಅತ್ತೆ?" ಎಂದಳು ರಮ್ಯ, ತಿರುಗದೆ.

ನಾನು ತಿರುಗಿದೆ. ನೊರೆಯ ಅಂಚಿನಲ್ಲಿ ಹೊಂಬಣ್ಣದ ಒಂದು ಗೆರೆ ಎದ್ದು, ನೋಡನೋಡುತ್ತ ಅಗಲವಾಗುತ್ತಿತ್ತು. ಬಾಣಂತನವಾಗದವಳ ಕಣ್ಣು ಬೀಳಬಾರದು ಎಂಬ ಮಾತು ನೆನಪಾಯಿತು. ಬಿದ್ದರೆ ಬೀಳಲಿ. "ಬಾ ಮಗಾ, ಬೇಗ ಬಾ," ಎಂದು ಕರೆದೆ. "ಪಕ್ಕದಲ್ಲಿ ಕೂತ್ಕೊ. ನೋಡು." ಅವಳು ನನ್ನ ಭುಜ ಹಿಡಿದು ನಿಧಾನಕ್ಕೆ ಕೂತು, ಬಗ್ಗಿ ನೋಡಿದಳು. ಎಣ್ಣೆ ಇಳಿಯಲಿಲ್ಲ.

ಅತ್ತೆಯ ಎಣ್ಣೆಯ ಬಣ್ಣ ಇದಕ್ಕೆ ಬರಲಿಲ್ಲ, ಕೊಂಚ ಸೀದಿತ್ತು, ಆದದ್ದೂ ಸ್ವಲ್ಪವೇ. ಆರಿದ ಮೇಲೆ ಸೋಸಿ ಗಿಂಡಿಗೆ ತುಂಬಿದೆ. ಸರಿಯಾಗಿ ಕಂಠದವರೆಗೆ ಬಂತು. ಬರಿ ಗಿಂಡಿ ವಾಪಸ್ಸು ಕೊಡಬಾರದು ಎಂದು ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಈಗ ತುಂಬಿದೆ ಸಣ್ಣತಾಯತ್ತೆ, ಯಾವ ಜಗಲಿಗೆ ತಂದುಕೊಡಲಿ?