ಡಯಲ್‌ಔಟ್ ಗುಂಪಿಗೆ ಸೇರಿದ ಕಥೆ

ಮನೆಗೊಂದೇ ಫೋನಿದ್ದ ಕಾಲ ಅದು. ನಮ್ಮ ಮನೆಯಲ್ಲಂತೂ ಅದು ಮನೆಯವರಿಗಿಂತ ಹೆಚ್ಚಾಗಿ ಕೊಬ್ಬರಿಗೆ ಸೇರಿದ್ದು. ತಿಪಟೂರಿನಲ್ಲಿ ಅಪ್ಪಾಜಿ ಕೊಬ್ಬರಿ ಮಂಡಿ ನಡೆಸುತ್ತಿದ್ದರು. ನಡುಮನೆಯಲ್ಲಿ ಅವರು ಕೂರುವ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೆಂಪು ಫೋನಿರುತ್ತಿತ್ತು. ಹರಾಜಿನ ದಿನ ಅದರ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ದೆಹಲಿಯ, ಕಾನ್ಪುರದ ವ್ಯಾಪಾರಿಗಳು ಯಾವ ಗಳಿಗೆಯಲ್ಲಿ ಕರೆಯುತ್ತಾರೋ ಎಂದು ಅಜ್ಜಿ ಕೂಡ ದನಿ ತಗ್ಗಿಸಿ ಮಾತಾಡುತ್ತಿದ್ದರು.

ಆ ಫೋನು ಕಿವಿಗಿಟ್ಟ ಕೂಡಲೇ ಅಪ್ಪಾಜಿ ಬೇರೆಯೇ ಮನುಷ್ಯರಾಗುತ್ತಿದ್ದರು. ತಮಗೆ ಬರುತ್ತಿದ್ದ ಅಷ್ಟಿಷ್ಟು ಹಿಂದಿಯಲ್ಲಿ ಸೇಠರ ಮಗಳ ಮದುವೆ, ಮೊಮ್ಮಗನ ಜ್ವರ, ಊರಿನ ಚಳಿ ಎಲ್ಲವನ್ನೂ ವಿಚಾರಿಸುವರು. ಹೊಟ್ಟೆ ಕುಲುಕುವಂತೆ ನಗುವರು. ಫೋನಿಟ್ಟ ಮೇಲೆ ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, "ಊಟ ಆಯ್ತಾ?" ಎಂದು ಕೇಳಿ ಪೇಪರ್ ಬಿಡಿಸುವರು. ಕಾನ್ಪುರದಲ್ಲಿರುವ ಆ ಕಾಣದ ಮೊಮ್ಮಗನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಎಂದರೆ ಯಾರಾದರೂ ನಕ್ಕಾರು.

ಚಿಕ್ಕಪ್ಪ ಕಂಪ್ಯೂಟರ್ ತಂದದ್ದು ಒಂದು ಅವರೆಕಾಯಿ ಕಾಲದಲ್ಲಿ. ಅವರದ್ದು ಟಿ.ವಿ. ರಿಪೇರಿ ಅಂಗಡಿ, ಯಾವ ಯಂತ್ರ ಕಂಡರೂ ಬಿಚ್ಚಿ ನೋಡುವ ಚಪಲ. ಬಿಡಿಭಾಗಗಳನ್ನು ತಂದು ತಾವೇ ಜೋಡಿಸಿ, ಅಟ್ಟದ ಕೆಳಗಿನ ಕೋಣೆಯಲ್ಲಿ ಇಟ್ಟರು. ಅಟ್ಟದ ತುಂಬ ಒಣಗಲು ಬಿಟ್ಟ ತೆಂಗಿನಕಾಯಿ. ಕೋಣೆಯಲ್ಲಿ ಕೊಬ್ಬರಿ ಎಣ್ಣೆಯ ಘಾಟು, ಹಲಗೆ ಸಂದಿನಿಂದ ಉದುರುವ ನಾರಿನ ಧೂಳು. ಆ ಧೂಳಿಗೆ ಹೆದರಿ ಚಿಕ್ಕಮ್ಮ ಮಾನಿಟರ್‌ಗೆ ಗುಲಾಬಿ ಹೂವಿನ ಕಸೂತಿ ಹಾಕಿದ ಗವುಸು ಹೊಲಿದಿದ್ದರು. ನಾವು ಮಕ್ಕಳು ಅವರೆಕಾಳು ಹಿಸುಕಿದ ಸೊಗಡಿನ ಕೈಯನ್ನು ಎರಡೆರಡು ಸಲ ಸೋಪು ಹಚ್ಚಿ ತೊಳೆದು, ಮೂಸಿ ನೋಡಿಕೊಂಡು ಒಳಗೆ ಹೋಗಬೇಕಿತ್ತು.

ಎಲ್ಲರ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್. ನಮ್ಮ ಚಿಕ್ಕಪ್ಪ ಹಾಕಿದ್ದು ಲಿನಕ್ಸ್. ಅದರಲ್ಲಿ ಮನೆಯ ಒಬ್ಬೊಬ್ಬರಿಗೂ ಒಂದೊಂದು ಹೆಸರು, ಒಂದೊಂದು ಗುಟ್ಟಿನ ಪದ. ಬೀಡಾ ಜಗಿಯುತ್ತಾ ಕೂತಿದ್ದ ಅಜ್ಜಿಗೂ ಒಂದು ಹೆಸರು ಕೊಟ್ಟಿದ್ದರು. ಯಾರು ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ಚಿಕ್ಕಪ್ಪ ಮೊದಲೇ ಬರೆದಿಡಬಹುದಿತ್ತು. ನಾನು ಕಾನ್ವೆಂಟಿನ ಎಂಟನೇ ಕ್ಲಾಸು. ಟೈಪ್ ಮಾಡಬಹುದಿತ್ತು, ಚಿತ್ರ ಬಿಡಿಸಬಹುದಿತ್ತು, ಇಸ್ಪೀಟು ಆಡಬಹುದಿತ್ತು. ಕೆಂಪು ದೀಪಗಳ ಮೋಡೆಮ್ ಎಂಬ ಪುಟ್ಟ ಡಬ್ಬಿಯನ್ನು ಮಾತ್ರ ಮುಟ್ಟುವಂತಿರಲಿಲ್ಲ. ಅದು ಫೋನಿನ ತಂತಿ ಹಿಡಿದು ಇಂಟರ್ನೆಟ್ಟಿಗೆ ಹೋಗುತ್ತಿತ್ತು. ಹೋದಷ್ಟು ಹೊತ್ತೂ ಕೆಂಪು ಫೋನು ಮೂಕ. ಒಮ್ಮೆ ಹಾಗಾಗಿ ಅಪ್ಪಾಜಿಗೆ ಬರಬೇಕಿದ್ದ ಕರೆ ತಪ್ಪಿ, ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಗಿತ್ತು. ಅವತ್ತೇ ಚಿಕ್ಕಪ್ಪ ಮೋಡೆಮ್ಮಿಗೆ ಕಾವಲು ಹಾಕಿದರು. ಡಯಲ್‌ಔಟ್ ಎಂಬ ಗುಂಪಿನಲ್ಲಿ ಹೆಸರಿದ್ದವರಿಗೆ ಮಾತ್ರ ಅದು ಓಗೊಡುತ್ತಿತ್ತು.

ಗುಂಪಿನಲ್ಲಿದ್ದದ್ದು ಇಬ್ಬರೇ. ಚಿಕ್ಕಪ್ಪ, ಇನ್ನೊಬ್ಬಳು ರೂಪ.

ರೂಪ ಚಿಕ್ಕಮ್ಮನ ಅಕ್ಕನ ಮಗಳು. ಹಂದನಕೆರೆಯಿಂದ ಓದಲು ಬಂದು ನಮ್ಮ ಮನೆಯಲ್ಲಿದ್ದಳು. ನನ್ನದೇ ವಯಸ್ಸು, ಕನ್ನಡ ಮೀಡಿಯಂ ಶಾಲೆ. ಅವಳು ಬಂದ ದಿನದಿಂದ ನಾವಿಬ್ಬರೂ ಒಂದೇ ಚಾಪೆ, ಒಂದೇ ಅಳಗುಳಿ ಮಣೆ. ಆದರೆ ಅವಳು ಮೋಡೆಮ್ ಹಚ್ಚಿದ ಕೂಡಲೇ ನನ್ನೆದೆಯಲ್ಲಿ ಏನೋ ಚುರುಗುಟ್ಟುತ್ತಿತ್ತು. ಮೊದಲು ಫೋನಿನ ಗುಂಡಿ ಒತ್ತಿದಂಥ ಸದ್ದು, ಆಮೇಲೆ ಕುಯ್ಯೋ ಎಂಬ ಸೀಳುದನಿ, ಹಿಂದೆಯೇ ಬಾಣಲೆಗೆ ಸಾಸಿವೆ ಬಿದ್ದ ಹಾಗೆ ಚಟಪಟ, ಕಡೆಗೆ ಗಾಢ ಮೌನ. ಆ ಮೌನದಲ್ಲಿ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡು ಬೆರಳಲ್ಲಿ ಅಕ್ಷರ ಹುಡುಕುತ್ತಿದ್ದಳು. ಇಂಗ್ಲಿಷಿನಲ್ಲಿ ಬಹುಮಾನ ತಂದ ನಾನು ಬಾಗಿಲ ಹತ್ತಿರ ನಿಂತು ಅವಳ ಜಡೆ ನೋಡಬೇಕು. ಆ ಜಡೆಗೆ ನಾನೇ ಬೆಳಿಗ್ಗೆ ರಿಬ್ಬನ್ ಕಟ್ಟಿರುತ್ತಿದ್ದೆ.

ನನ್ನ ಹೆಸರಿನಲ್ಲಿ ಮೋಡೆಮ್ ಕರೆದರೆ ಪರದೆಯ ಮೇಲೆ 'ಪರ್ಮಿಷನ್ ಡಿನೈಡ್' ಎಂದು ಬರುತ್ತಿತ್ತು. ಸಿಸ್ಟರ್‌ಗಳ ಶಾಲೆಯಲ್ಲಿ ಪರ್ಮಿಷನ್ ಕೇಳದೆ ನೀರು ಕುಡಿಯಲೂ ಏಳದ ಹುಡುಗಿ ನಾನು. ಕೇಳಿದ ಮೇಲೆ ಯಾರೂ ಇಲ್ಲವೆಂದದ್ದಿಲ್ಲ. ನನ್ನ ಮನೆಯಲ್ಲೇ, ನನ್ನ ಹೆಸರು ಹಾಕಿದ ಮೇಲೂ, ಒಂದು ಡಬ್ಬಿ ನನಗೆ ಹಾಗೆ ಹೇಳುವುದೇ?

ಚಿಕ್ಕಪ್ಪನನ್ನು ಕೇಳಿದೆ. ಅವರು ಸ್ಕ್ರೂಡ್ರೈವರ್ ಕಿವಿಗೆ ಸಿಕ್ಕಿಸಿಕೊಂಡು ನನ್ನ ಮುಖ ನೋಡಿದರು.

"ರೂಪಂಗೆ ಅವರಪ್ಪ ಅವರೆ ಕಣಮ್ಮ, ಮಸ್ಕತ್ತಲ್ಲಿ. ನಿಂಗೆ ಯಾರವರೆ ಅಲ್ಲಿ?"

ರೂಪಳ ಅಪ್ಪ, ನನಗೆ ದೊಡ್ಡಪ್ಪ, ಮಸ್ಕತ್ತಿನಲ್ಲಿ ಎಲೆಕ್ಟ್ರಿಷಿಯನ್. ಕಂಪನಿಯ ಆಫೀಸಿನಲ್ಲಿ ರಜಾ ದಿನ ಕಂಪ್ಯೂಟರ್ ಮುಂದೆ ಕೂರಲು ಬಿಡುತ್ತಿದ್ದರಂತೆ. ಅಪ್ಪ ಮಗಳು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಅಪ್ಪ ದೂರ ಇರುವುದೂ ಒಂದು ಅರ್ಹತೆ ಎಂದು ನನಗೆ ಮೊದಲು ತಿಳಿದದ್ದು ಆಗ. ಅಂಥ ಅರ್ಹತೆ ನನಗಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

ಆ ಭಾನುವಾರ ಒತ್ತುಶ್ಯಾವಿಗೆ ಮಾಡಿದ್ದರು, ಜೊತೆಗೆ ಏಲಕ್ಕಿ ಬೆಲ್ಲ ಹಾಕಿದ ಕಾಯಿಹಾಲು. ನಾನು ತಟ್ಟೆ ಮುಂದೆ ಕೈಕಟ್ಟಿ ಕೂತೆ. ಹಾಲು ತಣ್ಣಗಾಗಿ ಕೆನೆ ಕಟ್ಟಿತು. ಕಡೆಗೆ ಅಜ್ಜಿಯೇ ಚಿಕ್ಕಪ್ಪನ ಕಡೆ ತಿರುಗಿದರು.

"ಅದೇನ್ ಪರ್ಮಿಸನ್ನೋ ಕೊಟ್ಬುಡಪ್ಪ ಆ ಮಗೀಗೆ. ಶ್ಯಾವ್ಗೆ ಗಟ್ಟಿಯಾಯ್ತೈತೆ."

ಚಿಕ್ಕಪ್ಪ ನಗುತ್ತಾ ಕೈತೊಳೆದು ಬಂದರು. ನಾನು ಅಷ್ಟರಲ್ಲಾಗಲೇ ನನ್ನ ಹೆಸರಿನಲ್ಲಿ ಒಳಗೆ ಹೋಗಿ ಕಾದಿದ್ದೆ. ಅವರು ಪಕ್ಕದಲ್ಲಿ ಬಗ್ಗಿ ಏನೋ ಸಾಲು ಹೊಡೆದು, "ಸೇರಿಸ್ದೆ ಕಣಮ್ಮ" ಎಂದು ಅಂಗಡಿಗೆ ಹೋದರು. ನಾನು ಉಸಿರು ಬಿಗಿಹಿಡಿದು ಮೋಡೆಮ್ ಕರೆದೆ. ಪರ್ಮಿಷನ್ ಡಿನೈಡ್. ಮತ್ತೆ ಕರೆದೆ. ಮತ್ತೂ ಅದೇ. ಮಗುವಿನ ಬಾಯಿ ಮುಚ್ಚಿಸಲು ಸುಮ್ಮನೆ ಏನೋ ಕುಟ್ಟಿ ಹೋಗಿದ್ದಾರೆ ಎನ್ನಿಸಿತು. ಅಡುಗೆಮನೆಗೆ ಹೋಗಿ ಈಳಿಗೆಮಣೆಯ ಮುಂದೆ ಕೂತು, ಯಾರೂ ಹೇಳದಿದ್ದರೂ ಕಾಯಿ ತುರಿಯತೊಡಗಿದೆ. ಕಣ್ಣೀರು ತುರಿಗೆ ಬೀಳುತ್ತಿತ್ತು. ರೂಪ ಬಂದು ಹೊಸ್ತಿಲಲ್ಲಿ ನಿಂತಳು.

"ಎದ್ ಆಚೆ ಬಂದು ಮತ್ತೆ ಒಳಕ್ ಹೋಗ್ಬೇಕು ಕಣೇ. ಕೂತಲ್ಲೇ ಸಿಗಲ್ಲ ಅದು. ನಂಗೂ ಹಂಗೇ ಆಗಿತ್ತು."

ಅವಳು ಹೇಳಿದ್ದು ನಿಜ. ನನ್ನ ಹೆಸರಿನಿಂದ ಪೂರ್ತಿ ಹೊರಬಂದು, ಮತ್ತೆ ಹೆಸರು ಹೇಳಿ ಒಳಹೋದ ಮೇಲೆ ಮೋಡೆಮ್ ನನಗಾಗಿ ಮೊದಲ ಸಲ ಕುಯ್ಯೋ ಎಂದಿತು. ಅವಳಿಗೆ ಅದೂ ಗೊತ್ತಿತ್ತಲ್ಲ ಎಂದು ಆ ಖುಷಿಯ ನಡುವೆಯೂ ನನಗೆ ಚುಚ್ಚಿತು.

ಗದ್ದಲವೆಲ್ಲ ಮುಗಿದು ಮೌನ ಬಂತು. ನನಗೊಂದು ಈಮೇಲ್ ವಿಳಾಸವೂ ಆಗಿತ್ತು. ಆದರೆ ಬರೆಯುವುದು ಯಾರಿಗೆ? ನನಗೆ ಗೊತ್ತಿದ್ದವರೆಲ್ಲ ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿದ್ದರು. ಕೆಂಪು ದೀಪಗಳು ಮಿನುಗುತ್ತಿದ್ದವು, ನಾನು ಸುಮ್ಮನೆ ಕೂತಿದ್ದೆ. ರೂಪಳೇ ಕನಿಕರಪಟ್ಟಳು. "ನಮ್ಮಪ್ಪಂಗೆ ಬರಿ ಬುಡು" ಎಂದಳು.

ಬರೆದೆ. ಅಲ್ಲಿ ತೆಂಗಿನಮರ ಇದೆಯೇ, ಮಳೆ ಬರುತ್ತದೆಯೇ, ಮುದ್ದೆ ತಿನ್ನಬೇಕೆನಿಸಿದರೆ ಏನು ಮಾಡುತ್ತೀರಿ ಎಂದು ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ ಒಂದರ ಹಿಂದೊಂದು ಪ್ರಶ್ನೆ ಕೇಳಿದೆ. ಮುಂದಿನ ವಾರ ಉತ್ತರ ಬಂತು. ಪರದೆ ತುಂಬಿ ಕೆಳಕ್ಕೆ ಸರಿಸಿ ಓದುವಷ್ಟು ಉದ್ದದ್ದು. ಹೋದ ಹೊಸದರಲ್ಲಿ ದಾರಿಯ ಖರ್ಜೂರದ ಮರಗಳನ್ನು ತೆಂಗೆಂದೇ ತಿಳಿದು ಕತ್ತೆತ್ತಿ ನೋಡಿ, ಅಯ್ಯೋ, ಒಂದರಲ್ಲೂ ಕಾಯಿ ಕಚ್ಚಿಲ್ಲವಲ್ಲ, ಯಾವ ಸೋಮಾರಿಯದ್ದಪ್ಪ ಈ ತೋಟ, ಬುಡಕ್ಕೆ ಗೊಬ್ಬರ ಹಾಕಬಾರದೆ ಎಂದು ಜೊತೆಯವರ ಮುಂದೆ ಮರುಗಿದ್ದರಂತೆ. ಅವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಕೊನೆಯಲ್ಲಿ 'ಪುಟ್ಟಿ, ಇನ್ನೂ ಕೇಳು' ಎಂದಿತ್ತು.

ನಾನು ಜೋರಾಗಿ ಓದುತ್ತಾ ನಕ್ಕೆ. ರೂಪ ನಗಲಿಲ್ಲ. ಆಮೇಲೆ ಅವಳು ತನಗೆ ಬಂದದ್ದನ್ನು ತೆರೆದಳು. 'ಚೆನ್ನಾಗಿ ಓದು. ಚಿಕ್ಕಮ್ಮನ ಮಾತು ಕೇಳು. ಅಪ್ಪ.' ಅಷ್ಟೇ.

ಅವತ್ತು ಅವಳು ಅಳಗುಳಿ ಮಣೆಗೆ ಕರೆದರೂ ಬರಲಿಲ್ಲ. ಇನ್ನೆರಡು ವಾರ ನನಗೆ ಉದ್ದುದ್ದದ್ದು, ಅವಳಿಗೆ ಗಿಡ್ಡದ್ದು ಬಂದವು. ಒಂದು ಸಂಜೆ ಹಿತ್ತಲಲ್ಲಿ ನೀರೊಲೆಗೆ ಚಿಪ್ಪು ಒಟ್ಟುತ್ತಿದ್ದಾಗ ಅವಳು ಬೆಂಕಿಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು.

"ಶೈಲು, ನಮ್ಮಪ್ಪಂಗೆ ಇನ್ಮೇಲೆ ಬರೀಬೇಡ ಕಣೇ. ನಿಮ್ಮಪ್ಪ ನಿಂಗೆ ದಿನಾ ಸಿಗ್ತಾರೆ."

ದಿನಾ ಸಿಗುತ್ತಾರೆ. ರಾತ್ರಿ ಊಟಕ್ಕೆ ಮುಂಚೆ ನಡುಮನೆಗೆ ಹೋಗಿ ಅಪ್ಪಾಜಿಯ ಕುರ್ಚಿಯ ಹತ್ತಿರ ನಿಂತೆ. ದೊಡ್ಡಪ್ಪನಿಗೆ ಕೇಳಿದಂತೆಯೇ ಇವರಿಗೂ ಕೇಳಿದರಾಯಿತು ಎಂದು ಧೈರ್ಯ ತಂದುಕೊಂಡೆ.

"ಅಪ್ಪಾಜಿ, ನೀವು ಕಾನ್ಪುರ ನೋಡಿದೀರಾ? ಹೆಂಗೈತೆ ಅಲ್ಲಿ?"

ಅವರು ಪೇಪರ್ ಇಳಿಸಿ, ನನಗೆ ಜ್ವರ ಬಂದಿದೆಯೇನೋ ಎನ್ನುವ ಹಾಗೆ ನೋಡಿದರು. "ಯಾಕಮ್ಮ? ಸ್ಕೂಲಲ್ಲಿ ಕೇಳಿದ್ರಾ?" ಎಂದರು. ಏನೋ ಹೇಳಲು ಬಾಯಿ ತೆರೆದಂತೆಯೂ ಇತ್ತು. ಅಷ್ಟರಲ್ಲಿ ಕೆಂಪು ಫೋನು ಬಡಿದುಕೊಂಡಿತು. ಆ ತುದಿಯಲ್ಲಿ ಯಾರೋ ಸೇಠರು. ಅಪ್ಪಾಜಿ ಮುಖ ಅರಳಿಸಿಕೊಂಡು, ನನಗೆ ಕೈಯಲ್ಲೇ ಒಳಗೆ ಹೋಗು ಎಂದು ಸನ್ನೆ ಮಾಡಿದರು.

ಮಾರನೆಯ ದಿನ ಚಿಕ್ಕಪ್ಪನ ಅಂಗಡಿಗೆ ಹೋಗಿ ನನ್ನ ಹೆಸರು ಗುಂಪಿನಿಂದ ತೆಗೆದುಬಿಡಿ ಎಂದೆ. ಅವರಿಗೆ ಆಶ್ಚರ್ಯ. "ಶ್ಯಾವ್ಗೆ ಬಿಟ್ಟು ಸಂಪಾದ್ಸಿದ್ದಲ್ವೇನಮ್ಮ?" ಎಂದು ರೇಗಿಸಿದರು. ಕಾರಣ ಕೇಳಲಿಲ್ಲ. ನನ್ನದು ದೊಡ್ಡ ಮನಸ್ಸೇನಲ್ಲ. ಯಾರದೋ ಅಪ್ಪ ಪುಟ್ಟಿ ಎಂದದ್ದನ್ನು ಓದಿ, ಅಪ್ಪಾಜಿ ಕೂತಿದ್ದ ನಡುಮನೆ ದಾಟಿ ಬರುವುದು ನನಗೆ ಆಗದಾಗಿತ್ತು. ರೂಪಳಿಗೆ ಮಾತ್ರ, ಸುಮ್ಮನೆ ಚೆನ್ನಾಗಿದೀಯಾ ಎಂದು ಬರೆಯಬೇಡ, ಏನಾದರೂ ಕೇಳು ಎಂದೆ. ಅವಳು ಕೇಳಿದಳು. ಬೇಸಿಗೆ ಬರುವಷ್ಟರಲ್ಲಿ ಅವಳಿಗೂ ಪರದೆ ತುಂಬಾ ಬರತೊಡಗಿತು. ಅಟ್ಟದ ಕೆಳಗಿನ ಕೋಣೆಯಿಂದ ಅವಳೊಬ್ಬಳೇ ನಗುವುದು ಅಡುಗೆಮನೆಗೆ ಕೇಳುತ್ತಿತ್ತು. ಒಗ್ಗರಣೆಯ ಚಟಪಟದಲ್ಲಿ ಅದು ಮುಳುಗಲಿ ಎಂದು ನಾನು ಸಾಸಿವೆ ಇನ್ನಷ್ಟು ಹಾಕುತ್ತಿದ್ದೆ.

ಹೋದ ತಿಂಗಳು ಹಂದನಕೆರೆಯಲ್ಲಿ ರೂಪಳ ಮನೆಯ ಗೃಹಪ್ರವೇಶವಿತ್ತು. ದೊಡ್ಡಪ್ಪ ಈಗಿಲ್ಲ. ಊಟವಾದ ಮೇಲೆ ಅವಳು ಬೀರುವಿನಿಂದ ಒಂದು ಕಟ್ಟು ಹಾಳೆ ತೆಗೆದಳು. ಅಂದು ಚಿಕ್ಕಪ್ಪ ಪ್ರಿಂಟ್ ತೆಗೆದುಕೊಟ್ಟವು, ಅಂಚಿನಲ್ಲಿ ಸಾಲು ತೂತುಗಳಿರುವ ಹಳೆಯ ಹಾಳೆಗಳು. ಶಾಯಿ ಮಾಸಿದೆ. 'ಚೆನ್ನಾಗಿ ಓದು' ಎಂಬ ಒಂದೇ ಸಾಲಿನವನ್ನೂ ಬಿಡದೆ ಇಟ್ಟುಕೊಂಡಿದ್ದಾಳೆ. ನಾನು ಒಂದೊಂದನ್ನೂ ಓದಿದೆ. ಇಷ್ಟು ವಯಸ್ಸಾದರೂ, ಎದೆಯಲ್ಲಿ ಅದೇ ಚುರುಕು.

ಅಪ್ಪಾಜಿ ಹೋಗಿ ಆರು ವರ್ಷವಾಯಿತು. ನನಗೆ ದಾವಣಗೆರೆಯಿಂದ, ಹುಬ್ಬಳ್ಳಿಯಿಂದ ಒಳ್ಳೆಯ ಸಂಬಂಧಗಳು ಬಂದಿದ್ದವು. ಅಷ್ಟು ದೂರ ಕೊಡಲ್ಲ ಎಂದು ಹಟ ಹಿಡಿದು, ನಮ್ಮ ಮನೆಯಿಂದ ಎರಡು ಬೀದಿಯಾಚೆ ಕೊಟ್ಟರು. ಮಗಳು ಕಣ್ಣೆದುರಿಗಿರಬೇಕು ಎಂದು ಚಿಕ್ಕಪ್ಪನ ಹತ್ತಿರ ಹೇಳಿದ್ದರಂತೆ. ನನ್ನ ಹತ್ತಿರ ಹೇಳಿದವರಲ್ಲ. ಮಂಡಿಗೆ ಹೋಗುವ ದಾರಿಯಲ್ಲಿ ನಮ್ಮ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಒಳಗೂ ಬಾರದೆ, ನನ್ನನ್ನೊಮ್ಮೆ ನೋಡಿ ಹೋಗುತ್ತಿದ್ದರು. ಅಷ್ಟು ಹತ್ತಿರದಲ್ಲಿದ್ದ ಮಗಳಿಗೆ ಒಂದು ಸಾಲು ಬರೆಯುವ ಪ್ರಸಂಗ ಅವರಿಗೆ ಒಂದು ದಿನವೂ ಬರಲಿಲ್ಲ.