ಕಪ್ಪುಬಿಳುಪಕ್ಕನ ಕೈಯ ಲೋಟ

ಕಪ್ಪುಬಿಳುಪಕ್ಕನಿಗೆ ಕಂಪನಿ ಇನ್ನೂ ಒಂದು ತಿಂಗಳ ಸಂಬಳ ಕೊಡಬೇಕು. ಅದಕ್ಕಿಂತ ದೊಡ್ಡ ಬಾಕಿ ಬೇರೆಯೇ ಇದೆ.

ಜನ ಮೊಬೈಲಿಗೆ ಏನೇನೋ ಹಾಕುತ್ತಾರಲ್ಲ, ಹೊಡೆದದ್ದು, ಕೊಯ್ದದ್ದು, ಸುಟ್ಟದ್ದು, ಅದನ್ನೆಲ್ಲ ಕಂಪ್ಯೂಟರಿನ ಮುಂದೆ ಕೂತು ನೋಡಿ ಅಳಿಸುವುದು ಅವಳ ಕೆಲಸವಾಗಿತ್ತು. ಸೇರಿದ ವಾರದಲ್ಲೇ ಊಟದ ಡಬ್ಬಿಯನ್ನು ಬಿಚ್ಚದೆ ಮನೆಗೆ ಒಯ್ಯತೊಡಗಿದಳು. ಪಕ್ಕದ ಕುರ್ಚಿಯ ಹಳಬಳು ಗುಟ್ಟು ಹೇಳಿಕೊಟ್ಟಳು.

"ಬಣ್ಣ ತೆಗಿ, ಸದ್ದು ತೆಗಿ, ಚಿತ್ರ ಬೆರಳುದ್ದ ಮಾಡ್ಕೋ. ಆಮೇಲೆ ಅವರು ಮನುಷ್ಯರು ಅನ್ಸಲ್ಲ. ಕೈ ತಾನಾಗೇ ಓಡುತ್ತೆ."

ಓಡಿತು. ಪರದೆಯನ್ನು ಸದಾ ಕಪ್ಪುಬಿಳುಪಾಗಿಯೇ ಇಟ್ಟುಕೊಂಡಿದ್ದರಿಂದ ಜೊತೆಯವರು ಆ ಹೆಸರಿಟ್ಟರು. ಅವಳೂ ನಕ್ಕಳು. ಆಗಿನ್ನೂ ನಗುತ್ತಿದ್ದಳು.

ಒಂದು ಸಂಜೆ ಕೆಲಸ ಮುಗಿಸಿ ಬಂದು ಅಡುಗೆಮನೆಯ ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದಳು. ಒಲೆಯ ಮೇಲಿನ ಪಾತ್ರೆ ಇಳಿಸಲು ಬಾಗಿದ ಅಮ್ಮನ ನೈಟಿಯ ತೋಳಿಗೆ ಬೆಂಕಿ ಹತ್ತಿತು. ಅಮ್ಮ ಕಿರುಚಿದಳು.

ಕಪ್ಪುಬಿಳುಪಕ್ಕ ನೋಡಿದಳು. ಬರೀ ನೋಡಿದಳು. ಉರಿಗೆ ಬಣ್ಣವಿರಲಿಲ್ಲ, ಅಮ್ಮನ ಬಾಯಿಗೆ ಸದ್ದಿರಲಿಲ್ಲ. ಎಡಗೈಯ ಲೋಟ ತುಂಬಿದಂತೆಯೇ ಇತ್ತು. ಬಲಗೈಯ ತೋರುಬೆರಳು ತೊಡೆಯ ಮೇಲೆ ಟಪ್ ಟಪ್ ಎಂದು ಬಡಿಯುತ್ತಿತ್ತು, ಅಳಿಸುವ ಗುಂಡಿ ಒತ್ತುವ ಹಾಗೆ.

ಹೊರಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ತಂಗಿ ಎದ್ದುಬಿದ್ದು ಓಡಿಬಂದಳು. "ಅಕ್ಕಾ! ಕೈಯಲ್ಲೇ ನೀರಿದೆ ಕಣೇ!" ಎಂದು ಲೋಟ ಕಿತ್ತು ಎರಚಿದಳು, ಹೊಲಿಯಲು ತಂದಿದ್ದ ದಪ್ಪ ಬಟ್ಟೆಯನ್ನು ಅಮ್ಮನಿಗೆ ಸುತ್ತಿದಳು.

ಅಮ್ಮ ಬದುಕಿದಳು. ಅವಳ ಬಲಗೈಯ ಬೆರಳುಗಳನ್ನು ಮಾತ್ರ ಮತ್ತೆ ಮಡಚಲಾಗಲಿಲ್ಲ. ಆಸ್ಪತ್ರೆಯ ಮಂಚದ ಮೇಲೂ ಅವಳು ಕೀಟಲೆ ಬಿಡಲಿಲ್ಲ. "ನನ್ನ ಪಾರ್ಟು ಅಷ್ಟು ಚೆನ್ನಾಗಿತ್ತೇನೇ, ಕಣ್ಣು ಮಿಟುಕಿಸದೆ ನೋಡ್ತಿದ್ಯಲ್ಲ?"

ಮಗಳು ನಗಲಿಲ್ಲ.

ಮನೆಗೆ ಬಂದ ಮೇಲೂ ಅಮ್ಮ ಅದೇ ಕೀಟಲೆಯವಳು. ಆದರೆ ದೊಡ್ಡವಳೊಬ್ಬಳೇ ಮನೆಯಲ್ಲಿದ್ದರೆ ಒಲೆ ಹೊತ್ತಿಸುವುದಿಲ್ಲ. "ಹಸಿವಿಲ್ಲ ಕಣೇ" ಎನ್ನುತ್ತಾ ಚಿಕ್ಕವಳು ಬರುವ ದಾರಿ ಕಾಯುತ್ತಾಳೆ. ಹೆತ್ತವಳು ತನ್ನೆದುರು ಬೆಂಕಿ ಹಚ್ಚಲು ಹೆದರುತ್ತಾಳೆ ಎಂಬುದು ಮಗಳಿಗೆ ಗೊತ್ತು.

ಅವಳು ಕಂಪನಿಯ ಮೇಲ್ವಿಚಾರಕನ ಹತ್ತಿರ ಹೋದಳು. ಮನೆಯಲ್ಲಿ ನಡೆದದ್ದನ್ನು ಹೇಳಿ, ನನ್ನನ್ನು ಡಾಕ್ಟರಿಗೆ ತೋರಿಸಿ, ಬೇರೆ ಕೆಲಸ ಕೊಡಿ ಎಂದಳು.

"ಮನೆ ವಿಷಯ ಮನೇಲಿಟ್ಟು ಬರ್ಬೇಕು ಮೇಡಂ."

"ಇಡ್ತೀನಿ ಸಾರ್. ಇಲ್ಲಿ ನೋಡಿದ್ದನ್ನ ಎಲ್ಲಿಟ್ಟು ಹೋಗ್ಲಿ? ಅದಕ್ಕೊಂದು ಕಪಾಟು ಕೊಡಿ."

ಮರುದಿನ ಅವಳ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ಹೇಳದೆ ಕೇಳದೆ ಕೆಲಸ ಬಿಟ್ಟಳೆಂದು ಬರೆದುಕೊಂಡು ಸಂಬಳವನ್ನೂ ನುಂಗಿದರು. ಈಗ ಅವಳು ತಂಗಿಯ ಪಕ್ಕ ಕೂತು ಗುಂಡಿ ಹೊಲಿಯುತ್ತಾಳೆ. ತಂಗಿ ಕೆಂಪು ದಾರ ಕೊಡೇ ಎಂದರೆ ಯಾವುದು ಕೆಂಪೆಂದು ಒಂದು ಗಳಿಗೆ ಹುಡುಕುತ್ತಾಳೆ.

ನಿಮ್ಮ ಮೊಬೈಲು ಚೊಕ್ಕಟವಾಗಿದೆ. ತಾನಾಗಿ ಆದದ್ದಲ್ಲ, ಅವಳ ಕಣ್ಣಿನಿಂದ ಒರೆಸಿದ್ದು. ಸೋಮವಾರ ಬೆಳಿಗ್ಗೆ ಅವಳ ಸಂಬಳಕ್ಕೂ ಚಿಕಿತ್ಸೆಯ ಖರ್ಚಿಗೂ ಆ ಕಂಪನಿಯ ಗೇಟಿನ ಮುಂದೆ ಇದೇ ಕೆಲಸ ಮಾಡುವ ನಾವೆಲ್ಲ ಕೂರುತ್ತೇವೆ. ಇದನ್ನು ಓದಿ, ಅಯ್ಯೋ ಪಾಪ ಎಂದು ಬೆರಳೊತ್ತಿ ಮುಂದಕ್ಕೆ ಹೋಗಬೇಡಿ. ನೀರಿನ ಲೋಟ ಈಗ ನಿಮ್ಮ ಕೈಯಲ್ಲಿದೆ. ನೋಡುತ್ತಾ ನಿಲ್ಲಬೇಡಿ, ಬನ್ನಿ.