ಪಡುವಣಕ್ಕೆ ತಿರುಗಿದ ಆಂಟೆನಾ

ಮಾಘದ ಒಂದು ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ ತೆಲುಗು ನಾಡಿನ ಕೊಂಡಾಪುರ, ನಮ್ಮ ಗಾಡಿಮನೆ. ಹಾಜರಿದ್ದವರು ಮೂವರು: ನಾನು, ನಮ್ಮ ಮನೆಯವರು, ಅವರ ಅಕ್ಕ. ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ವರದಿಯನ್ನು ಹೀಗೆಯೇ ಶುರುಮಾಡುತ್ತಿದ್ದೆವು. ಹೆಡ್‌ನರ್ಸ್ ಆಗಿ ನಿವೃತ್ತಳಾದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ.

ಗಾಡಿಮನೆ ಎಂದರೆ ಹಳೆಯ ಮಿನಿಬಸ್ಸು. ಬಸ್ ಡಿಪೋದಲ್ಲಿ ಫೋರ್‌ಮನ್ ಆಗಿದ್ದ ನಮ್ಮ ಮನೆಯವರು ಅದರ ಸೀಟುಗಳನ್ನು ಕಿತ್ತು ಎರಡು ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿದ್ದರು. ಊರೂರು ತಿರುಗಿ ಬಂದಾಗ ಪರಿಚಯದವರ ಖಾಲಿ ಸೈಟಿನಲ್ಲಿ ನಿಲ್ಲಿಸುತ್ತಿದ್ದೆವು. ಪೂರ್ವಕ್ಕೆ ಬಸ್ಸಿಗಿಂತ ಎತ್ತರದ ಬಂಡೆ. ಪಶ್ಚಿಮಕ್ಕೆ ಆ ವರ್ಷವಷ್ಟೇ ಎದ್ದ ಗಾಜಿನ ಕಟ್ಟಡ, ಅದರೊಳಗೊಂದು ಸಾಫ್ಟ್‌ವೇರ್ ಕಂಪನಿ.

ಅಕ್ಕ ಸುಲ್ತಾನ್ ಬಜಾರಿನಿಂದ ಬಸ್ಸು ಬದಲಿಸಿಕೊಂಡು ಬಂದಿದ್ದರು. ಅಂದು ಮಧ್ಯಾಹ್ನ ಎರಡಕ್ಕೆ ಟಿವಿಯ ತೆಲುಗು ಮಹಿಳಾ ಕಾರ್ಯಕ್ರಮದಲ್ಲಿ ಅವರು ಜೋಳದ ರೊಟ್ಟಿ ಬಡಿಯುವುದು ಬರುವುದಿತ್ತು, ಶೂಟಿಂಗ್ ಮೊದಲೇ ಮುಗಿದಿತ್ತು. ಅವರ ಮನೆಯಲ್ಲಿ ದೊಡ್ಡ ಕಲರ್ ಟಿವಿ ಇತ್ತು, ಕೇಬಲ್ ಇತ್ತು. ಅದನ್ನು ಬಿಟ್ಟು ಇಲ್ಲಿಗೇಕೆ ಎಂದು ಕೇಳಿದೆ.

"ಶೂಟಿಂಗ್‌ದಾಗ ಒಂದು ರೊಟ್ಟಿ ಹಂಚಿನ ಮ್ಯಾಲೆ ಹರೀತವ್ವಾ. ಅದನ್ನ ತಗದಾರೋ ಇಟ್ಟಾರೋ ಗೊತ್ತಿಲ್ಲ. ರೊಟ್ಟಿ ದಪ್ಪಾತು, ರೊಟ್ಟಿ ಸೊಟ್ಟಾತು ಅಂತ ಸೊಸೆಂದ್ರಿಗೆ ಜನ್ಮಾ ಪೂರ್ತಿ ಅಂದೀನಿ. ಈಗ ಅವರ ನಡುವ ಕುಂತು ಹೆಂಗ ನೋಡ್ಲಿ? ನೋಡ್ದೇ ಮನಿಗೆ ಹೋದ್ರ, ಬಾಗಿಲದಾಗ ಏನಂತಾರೋ, ತಯಾರಿ ಬ್ಯಾಡಾ?"

ನಮ್ಮದು ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಕಪ್ಪು-ಬಿಳುಪು ಟಿವಿ. ಹಚ್ಚಿದೆ. ತೆರೆಯ ತುಂಬ ಹಿಟ್ಟು ಉದುರಿದಂತೆ ಚುಕ್ಕೆ. ಅದರ ನಡುವೆ ವಾರ್ತೆ ಓದುವವಳು, ಅವಳ ಭುಜಕ್ಕೆ ಅಂಟಿಕೊಂಡು ಅವಳದೇ ಮಸುಕು ನೆರಳು. ಮೂಗು ಎರಡು, ಬಾಯಿ ಎರಡು.

"ಇದ್ರಾಗ ಹರದದ್ದು ಯಾವ್ದು, ಹರೀಲಾರದ್ದು ಯಾವ್ದು ಹೆಂಗ ತಿಳೀತೈತಿ?" ಎಂದು ಅಕ್ಕ ಕನ್ನಡಕ ಒರೆಸಿಕೊಂಡರು.

ನಮ್ಮ ಮನೆಯವರು ಬಸ್ಸಿನ ಮೇಲಿನ ಆಂಟೆನಾ ನೋಡಲು ಏಣಿ ಹತ್ತಿದರು. ವೈರು ಬದಲಿಸಿ, ಸಿಗ್ನಲ್ಲಿಗೆ ಬಲ ಕೊಡುವ ಬೂಸ್ಟರ್ ಏರಿಸಿ, ಕಂಬವನ್ನೂ ಅಲ್ಲಾಡಿಸಿ, "ಈಗ ನೋಡ್ರಿ ಸಿಸ್ಟರ್!" ಎಂದು ಕೂಗಿದರು. ಆಸ್ಪತ್ರೆಯ ಕಾಲದಿಂದಲೂ ನನ್ನನ್ನು ಕಾಡಿಸಲು ಹಾಗೆಯೇ ಕರೆಯುತ್ತಾರೆ.

"ಹೆಂಡ್ತಿಗೆ ಸಿಸ್ಟರ್ ಅಂತೀ, ನನಗೇನಂತೀ?" ಎಂದರು ಅಕ್ಕ.

ವಾರ್ತೆಯವಳು ಪೂರ್ತಿ ಮಾಯವಾಗಿದ್ದಳು. ಮೂರೂ ಬದಲಾವಣೆ ಒಟ್ಟಿಗೆ ಮಾಡಿದರೆ ಕೆಡಿಸಿದ್ದು ಯಾವುದೆಂದು ಹೇಗೆ ತಿಳಿಯಬೇಕು? ಒಬ್ಬ ರೋಗಿಗೆ ಒಂದೇ ದಿನ ಎರಡು ಹೊಸ ಔಷಧ ಕೊಟ್ಟು, ಮೈಮೇಲೆ ದದ್ದು ಎದ್ದರೆ ಯಾವುದನ್ನು ನಿಲ್ಲಿಸುವುದು? ಎಲ್ಲವನ್ನೂ ಮೊದಲಿದ್ದಂತೆ ಮಾಡಿಸಿದೆ. ಒಂದು ಸಲಕ್ಕೆ ಒಂದೇ ಕೆಲಸ, ಅದಾದ ಮೇಲೆ ನಾನು ಒಳಗಿನಿಂದ ಫಲ ಹೇಳುವುದು ಎಂದು ನಿಯಮ ಹಾಕಿದೆ.

ವೈರಿನ ತುದಿಗೆ ಹಿಡಿದಿದ್ದ ತುಕ್ಕನ್ನು ಕೆರೆದರು. ಚುಕ್ಕೆ ಕಡಿಮೆಯಾಯಿತು. ಬಸ್ಸಿನ ತಗಡಿನ ಮಾಡಿಗೆ ತೀರ ಹತ್ತಿರವಿದ್ದ ಆಂಟೆನಾವನ್ನು ಪೈಪು ಜೋಡಿಸಿ ಎತ್ತರಿಸಿದರು. ಚುಕ್ಕೆ ಇನ್ನಷ್ಟು ಇಳಿಯಿತು. ಬೂಸ್ಟರ್ ಏರಿಸಿದಾಗ ಮಾತ್ರ ಚಿತ್ರದ ಜೊತೆ ನೆರಳೂ ದಪ್ಪಗಾಯಿತು. ಅದನ್ನು ಇಳಿಸಿ ಎಂದೆ. ಅಷ್ಟರಲ್ಲಿ ಊಟದ ಹೊತ್ತು. ಊಟ ಸರಿಯಾಗಿ ಒಂದಕ್ಕೇ ಆಗಬೇಕು, ಆಯಿತು. ನೆರಳು ಹಾಗೆಯೇ ಇತ್ತು.

ಅನ್ನ ಕಲಸುತ್ತ ಮನೆಯವರು ಕಾರಣ ಹೇಳಿದರು. ಟವರು ಇರುವುದು ಊರಿನ ಪೂರ್ವಕ್ಕೆ. ಅಲ್ಲಿಂದ ನೇರ ಬರುವ ಸಿಗ್ನಲ್ಲಿಗೆ ಬಂಡೆ ಅಡ್ಡ, ಅದು ಸೊರಗಿ ಬರುತ್ತದೆ. ಗಾಜಿನ ಕಟ್ಟಡಕ್ಕೆ ಬಡಿದು ವಾಪಸ್ಸು ಬರುವುದು ತುಸು ತಡವಾಗಿ ಬಂದು, ಮೊದಲಿನದರ ಪಕ್ಕದಲ್ಲಿ ನಿಲ್ಲುತ್ತದೆ.

"ಹಾಗಾದರೆ ವಾಪಸ್ಸು ಬರುವುದನ್ನೇ ಹಿಡಿಯೋಣ. ತಿರುಗಿಸಿ ನೋಡದೆ ಉಳಿದದ್ದು ಒಂದೇ, ಪಶ್ಚಿಮ," ಎಂದೆ.

"ಟವರಿಗೆ ಬೆನ್ನು ಮಾಡಿ ಯಾರರ ಆಂಟೆನಾ ಹಚ್ಚತಾರೇನು? ಡಿಪೋದವರು ಕಂಡ್ರ ನಗತಾರ."

"ಇಲ್ಲಿ ಯಾವ ಡಿಪೋದವ ಬಂದಾನೋ? ತಿರುವು ಮಾರಾಯ, ಎರಡಾಗಾಕ ಬಂತು," ಎಂದು ಅಕ್ಕ ಎದ್ದೇಬಿಟ್ಟರು.

ಮನೆಯವರು ಗೊಣಗುತ್ತಲೇ ಮೇಲೆ ಹತ್ತಿ ಕಂಬವನ್ನು ತಿರುಗಿಸಿದರು. ಚಿತ್ರ ಕದಡಿತು, ಹೋಯಿತು, ಮತ್ತೆ ಬಂತು. ಎರಡು ಮೂಗು ಒಂದಾದವು. ಜಾಹೀರಾತಿನ ಸೋಪಿನ ಮೇಲಿನ ಅಕ್ಷರ ಓದಲು ಬರುವಂತಿತ್ತು.

"ಹಾಂ, ಅಲ್ಲೇ! ಅಲ್ಲಾಡ್ಸಬ್ಯಾಡ!" ಅಕ್ಕ ಕಿರುಚಿದರು.

"ನಟ್ಟಿನ ಎಳಿ ಸವದೈತಿ, ನಿಲ್ಲವಲ್ದು. ಬಿಟ್ರ ತಿರುಗತೈತಿ!"

"ಹಂಗಾರ ಹಿಡಕೊಂಡು ನಿಲ್ಲು!"

ಕಾರ್ಯಕ್ರಮ ಶುರುವಾಯಿತು. ನಮ್ಮ ಮನೆಯವರು ಬಿಸಿಲಲ್ಲಿ ಕಂಬ ಹಿಡಿದು ನಿಂತೇ ಇದ್ದರು. ತೆರೆಯ ಮೇಲೆ ಅಕ್ಕ ಹಿಟ್ಟು ನಾದಿದರು, ಬಡಿದರು, ರೊಟ್ಟಿ ಎತ್ತಿ ಹಂಚಿಗೆ ಹಾಕಿದರು. ಪಕ್ಕದಲ್ಲಿದ್ದ ಅಕ್ಕ ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು. ರೊಟ್ಟಿ ಅಂಚಿನಿಂದ ಒಳಕ್ಕೆ ಒಂದು ಬೆರಳುದ್ದ ಬಿರಿಯಿತು. ಕಾರ್ಯಕ್ರಮ ನಡೆಸುವ ಹುಡುಗಿಯ ಕೈ ಬಾಯಿಗೆ ಹೋಯಿತು. ತೆಗೆದಿರಲಿಲ್ಲ, ಎಲ್ಲವನ್ನೂ ಇಟ್ಟಿದ್ದರು.

ತೆರೆಯೊಳಗಿನ ಅಕ್ಕ ಮಾತ್ರ ಅವಸರ ಮಾಡಲಿಲ್ಲ. ಚಿಟಿಕೆ ಹಿಟ್ಟು ಚಿವುಟಿ, ನೀರಲ್ಲಿ ಅದ್ದಿ, ಬಿರುಕಿನ ಮೇಲೆ ಸವರಿದರು. ತೆಲುಗು ಮರೆತು ಕನ್ನಡದಲ್ಲೇ, "ಒಮ್ಮೊಮ್ಮೆ ಹಿಂಗಾಕ್ಕೈತಿ ತಂಗಿ, ಅದಕ್ಕೇನು," ಎಂದರು. ತಿರುವಿ ಹಾಕಿದರು. ಬಿರುಕಿದ್ದರೆ ಆವಿ ಸೋರಿ ರೊಟ್ಟಿ ಉಬ್ಬುವುದಿಲ್ಲ. ಅದು ನಿಧಾನವಾಗಿ, ಪೂರ್ತಿ ದುಂಡಗೆ ಉಬ್ಬಿತು.

ಮಾಡಿನ ಮೇಲಿಂದ ದನಿ: "ಅಕ್ಕಾ, ಹರದೈತೇನ?"

"ಹರದೈತಿ! ಹಚ್ಚೀನಿ! ಉಬ್ಬೈತಿ!" ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು. ಆಮೇಲೆ ಮೆತ್ತಗೆ ನನ್ನನ್ನು ಕೇಳಿದರು: "ನಾ ಹೆದರಿದ್ದು ಕಾಣ್ಲಿಲ್ಲಲ?"

"ಇಲ್ಲ ಅಕ್ಕಾರ, ಒಂಚೂರೂ ಇಲ್ಲ."

"ಭಾಳ ಹೆದರಿದ್ದೆವ್ವಾ."

ನಾಲ್ಕಕ್ಕೆ ಚಹಾ ಕುಡಿದು, ಸೆರಗು ಸರಿಮಾಡಿಕೊಂಡು ಹೊರಟರು. "ಈಗ ಅವರು ಅಂದದ್ದೆಲ್ಲಾ ಅನ್ಲಿ. ಸಂಜಿಗೆ ಅವರ ಮುಂದೇ ಹರದು ಹಚ್ಚಿ ತೋರಿಸ್ತೀನಿ," ಎಂದರು. ಬಸ್ಸು ಹತ್ತಿಸಿ ಬಂದೆವು.

ಮನೆಯವರು ಅಂಗೈಯ ಬೊಬ್ಬೆಗೆ ಮುಲಾಮು ಹಚ್ಚಿಸಿಕೊಂಡು ಮಲಗಿದರು. ನಾನು ಏಣಿ ಹತ್ತಿ, ಸವೆದ ನಟ್ಟು ತೆಗೆದು, ಸಾಮಾನಿನ ಡಬ್ಬಿಯಲ್ಲಿದ್ದ ಹೊಸದನ್ನು ಹಾಕಿ, ಆಂಟೆನಾ ಗಾಜಿನ ಕಟ್ಟಡವನ್ನು ನೋಡುವಂತೆ ಬಿಗಿದೆ. ಸ್ಪ್ಯಾನರನ್ನು ಒರೆಸಿ ಅದರ ಜಾಗದಲ್ಲಿಟ್ಟೆ.